ಮಾಗಿಯ ಬೆಳಗಿನ ಸವಾರಿ

ನಮ್ಮ ಮೈಸೂರು ಸೀಮೆಯ ಚಳಿಯನ್ನು ಉತ್ತರ ದೇಶದವರ ಮುಂದೆ ಹೇಳಿಕೊಂಡರೆ ಅವರು ನಕ್ಕಾರು. ಇಲ್ಲಿ ಹಿಮ ಬೀಳುವುದಿಲ್ಲ, ಹಂಡೆಯ ನೀರು ಗಡ್ಡೆ ಕಟ್ಟುವುದಿಲ್ಲ. ಒಂದು ಶಾಲು ಹೊದ್ದು ಬಿಸಿ ಕಾಫಿ ಕುಡಿದರೆ ಮುಗಿಯಿತು. ಈ ಮಾತು ಜಗಲಿಯ ಮೇಲೆ ಕುಳಿತವರಿಗೆ ಸಲ್ಲತಕ್ಕದ್ದೇ ಹೊರತು, ಧನುರ್ಮಾಸದ ಬೆಳಗಿನ ಜಾವ ಮೋಟಾರು ಸೈಕಲ್ಲನ್ನೇರಿ ಹೊರಟವರಿಗಲ್ಲ. ಗಾಳಿಯಿಲ್ಲದೆಡೆ 10 ಡಿಗ್ರಿ ಇರುವ ಚಳಿಯು, ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಹೋಗುವವನ ಬರಿಮೈಗೆ ಸುಮಾರು 5 ಡಿಗ್ರಿಯಂತೆ ತಾಕುವುದೆಂದು ಬಲ್ಲವರ ಲೆಕ್ಕ.

ನಮ್ಮಲ್ಲಿರುವುದು ಹಳೆಯ ಜಾವಾ. ಮೈಸೂರಿನಲ್ಲಿ 1961ರಲ್ಲಿ ಆರಂಭವಾಗಿ 1996ರಲ್ಲಿ ಬಾಗಿಲು ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯ ಕೂಸು. ಊರಿನ ಮಗಳಾದ್ದರಿಂದ ಸಲಿಗೆ ಹೆಚ್ಚು; ಚಳಿಯಲ್ಲಿ ಬೇಗನೆ ಏಳುವವಳಲ್ಲ. ಥಂಡಿಯಲ್ಲಿ ಪೆಟ್ರೋಲು ಸುಲಭವಾಗಿ ಆವಿಯಾಗದು. ಆದಕಾರಣ ಕಾರ್ಬುರೇಟರಿನ ಮೇಲಿನ ಪುಟ್ಟ ಗುಂಡಿಯನ್ನು ಒತ್ತಿ, ಪೆಟ್ರೋಲು ಹನಿಯುವವರೆಗೆ ಕಾದು, ಬಳಿಕ ಒದೆಯಬೇಕು. ಒದೆಯುವುದಕ್ಕೂ ಗೇರು ಬದಲಿಸುವುದಕ್ಕೂ ಒಂದೇ ಸನ್ನೆ. ಹೊಸಬರಿಗೆ ಇದು ಬೆರಗು. ನಮಗಂತೂ ಆ ಮಿತವ್ಯಯವು ಬಹಳ ಮೆಚ್ಚಿಗೆ.

ಮೈಗೆ ಚಳಿಯಾದರೆ ಉಪಾಯವುಂಟು. ಕೋಟಿನೊಳಗೆ ಎದೆಯ ಮೇಲೆ ಹಳೆಯ ವೃತ್ತಪತ್ರಿಕೆಯ ನಾಲ್ಕು ಹಾಳೆಗಳನ್ನಿಟ್ಟುಕೊಂಡರೆ ಗಾಳಿ ನುಗ್ಗದು. ಆದರೆ ಬೆರಳುಗಳ ಗತಿಯೇ ಬೇರೆ. ಅವು ಮೊದಲು ನೋಯುತ್ತವೆ. ಸ್ವಲ್ಪ ಹೊತ್ತಿಗೆ ನೋವು ನಿಂತುಹೋಗುತ್ತದೆ. ನೋವು ನಿಂತಿತೆಂದು ಸಂತೋಷಪಡುವ ಹಾಗಿಲ್ಲ. ಬ್ರೇಕು ಹಿಡಿಯತಕ್ಕ ಕೈಯಲ್ಲಿ ಜೀವವಿಲ್ಲವೆಂದು ಆಗಲೇ ತಿಳಿಯಬೇಕು.

ಕೆಲವು ವರ್ಷಗಳ ಹಿಂದೆ ಇಂಥದೇ ಮಾಗಿಯಲ್ಲಿ ನಾವೂ ನಮ್ಮ ಮನೆಯವರೂ ಮೇಲುಕೋಟೆಗೆ ಹೊರಟೆವು. ಹಿಂದೆ ಕುಳಿತವರಿಗೂ ಹೆಲ್ಮೆಟ್ಟು 2016ರಲ್ಲಿ ಕಡ್ಡಾಯವಾದ ಮೇಲೆ ಕೊಂಡುದನ್ನು ಅವರು ಮಫ್ಲರಿನ ಮೇಲೆ ಧರಿಸಿದ್ದರು. ಶ್ರೀರಂಗಪಟ್ಟಣದಲ್ಲಿ ಕಾವೇರಿಯನ್ನು ದಾಟುವವರೆಗೆ ದಾರಿ ಚೆನ್ನಾಗಿತ್ತು. ಪಾಂಡವಪುರ ಕಳೆದ ಮೇಲೆ ಗದ್ದೆಯ ಬಯಲಿನಿಂದ ಎದ್ದ ಮಂಜು ರಸ್ತೆಯನ್ನೇ ನುಂಗಿಬಿಟ್ಟಿತು. ಇಂಥಲ್ಲಿ ದೊಡ್ಡ ದೀಪ ಹಾಕಿದರೆ ಬೆಳಕು ಮಂಜಿನ ಹನಿಗಳಿಗೆ ತಾಗಿ ನಮ್ಮ ಕಣ್ಣಿಗೇ ಹಿಂತಿರುಗುತ್ತದೆ. ತಗ್ಗಿಸಿದ ದೀಪವೇ ಲೇಸು. ಉಸಿರಿಗೆ ಹೆಲ್ಮೆಟ್ಟಿನ ಗಾಜು ಮಬ್ಬಾಗುವುದು; ಗಾಜನ್ನೆತ್ತಿದರೆ ಕಣ್ಣಲ್ಲಿ ನೀರು. ಗಂಟೆಗೆ 30 ಕಿಲೋಮೀಟರಿಗೆ ಇಳಿಸಿ ಸಾಗಿದೆವು.

ಅಷ್ಟರಲ್ಲಿ ನಮ್ಮ ಮನೆಯವರು ಬೆನ್ನು ತಟ್ಟಿ, “ಒಂದು ಗಳಿಗೆ ನಿಲ್ಲಿಸಿ, ಕೈ ಮರಗಟ್ಟಿತು” ಎಂದರು. ಪಕ್ಕಕ್ಕೆ ನಿಲ್ಲಿಸಿ, ಗಾಡಿ ಆರಿಸಿ, ಇಂಜಿನ್ನಿಗೆ ತಾಗದಂತೆ ಕೈಗಳನ್ನು ಹತ್ತಿರ ಹಿಡಿದು ಕಾಯಿಸಿಕೊಳ್ಳತೊಡಗಿದೆವು. ಶಬ್ದ ಅಡಗಿದ ಮೇಲೆಯೇ ಕೇಳಿಸಿತು, ಎತ್ತಿನ ಕೊರಳ ಗಂಟೆ. ಹತ್ತು ಮಾರು ನಡೆದು ನೋಡಿದರೆ, ದೀಪವಿಲ್ಲದ ಕಬ್ಬಿನ ಗಾಡಿ ನಡುರಸ್ತೆಯಲ್ಲಿ ತೆವಳುತ್ತಿದೆ. ಹಿಂದಕ್ಕೆ ಚಾಚಿದ ಜಲ್ಲೆಗಳ ತುದಿ ಸರಿಯಾಗಿ ಸವಾರನ ಎದೆಯ ಮಟ್ಟಕ್ಕೆ. 30ರ ವೇಗದಲ್ಲಿಯೂ ಸೆಕೆಂಡಿಗೆ 8 ಮೀಟರು ಸಾಗುತ್ತೇವೆ. ಕಣ್ಣು ಕಂಡು, ಮನಸ್ಸು ತಿಳಿದು, ಮರಗಟ್ಟಿದ ಬೆರಳು ಬಿಗಿಯುವಷ್ಟರಲ್ಲಿ ಮಿಕ್ಕ ದೂರವೆಷ್ಟೆಂಬುದನ್ನು ವಾಚಕರೇ ಎಣಿಸಬಹುದು. ನಮ್ಮ ಮನೆಯವರು ಎಣಿಸಿದರೆಂದು ತೋರುತ್ತದೆ. ಬಹಳ ಹೊತ್ತು ಮಾತನಾಡಲಿಲ್ಲ.

ಗಾಡಿಯವನು ಮುದುಕ. ಹೊದ್ದಿದ್ದುದು ಒಂದು ಕಂಬಳಿ. ಬೈಯಲು ನಮಗೆ ಬಾಯಿ ಬರಲಿಲ್ಲ. ಅವನು ಎತ್ತುಗಳನ್ನು ನಿಲ್ಲಿಸಿ ಬಂದು, “ಬಿಸಿ ಐತಾ ಸ್ವಾಮಿ?” ಎನ್ನುತ್ತ ತಾನೂ ಇಂಜಿನ್ನಿನ ಪಕ್ಕ ಕುಕ್ಕರಿಸಿ ಕೈ ಚಾಚಿದನು. ನಮ್ಮ ಮನೆಯವರು ತಮ್ಮ ಬಿಳಿಯ ಮಫ್ಲರನ್ನು ಬಿಚ್ಚಿ ಜಲ್ಲೆಗಳ ತುದಿಗೆ ತಾವೇ ಗಂಟು ಹಾಕಿದರು. ಮಂಜು ಕರಗುವವರೆಗೆ ಅಲ್ಲಿಯೇ ಇದ್ದೆವು. ನಾವು ಬೆಟ್ಟ ಹತ್ತುವ ಹೊತ್ತಿಗೆ ದೇವಸ್ಥಾನದಲ್ಲಿ ಹುಗ್ಗಿ ಮುಗಿದಿತ್ತು.