ಪುಸ್ತಕವಿಲ್ಲದೆ ಹಾಡುವ ಹಾಡುಗಳು

ನಮ್ಮ ಸಭೆಯ ಗಾಯನ ಮಂಡಳಿಯಲ್ಲಿ ಈಗ ಒಟ್ಟು 11 ಜನ. ಸೊಪ್ರಾನೊ ಐವರು, ಆಲ್ಟೊ ಮೂವರು, ಬೇಸ್ ಇಬ್ಬರು, ಟೆನರ್ ಒಬ್ಬರೇ ಒಬ್ಬರು. "ಟೆನರ್ ಅಂದ್ರೆ ಗಲ್ಫಿಗೆ ಹೋಗುವ ಸ್ವರ" ಎಂದು ನಮ್ಮ ಕ್ವಾಯರ್ ಮಾಸ್ಟ್ರು ಹೇಳುವುದುಂಟು. ಹುಡುಗರ ಗಂಟಲು ಒಡೆದು ಹದಕ್ಕೆ ಬರುವ ಹೊತ್ತಿಗೆ ಡಿಪ್ಲೊಮಾ ಮುಗಿದಿರುತ್ತದೆ, ವೀಸಾ ಕೈಗೆ ಸಿಕ್ಕಿರುತ್ತದೆ. ಉಳಿದಿರುವ ಒಬ್ಬರು ನಿವೃತ್ತ ಬಸ್ ಕಂಡಕ್ಟರು. ಮೇಲಿನ ಸ್ವರ ಬಂದಾಗ ಹಿಮ್ಮಡಿ ಎತ್ತಿ ನಿಲ್ಲುತ್ತಾರೆ, ಫುಟ್‌ಬೋರ್ಡಿನ ಮೇಲೆ ನಿಂತವರ ಹಾಗೆ.

ಕರಾವಳಿಯ ಪ್ರೊಟೆಸ್ಟಂಟ್ ಸಭೆಗಳ ಪರಿಚಯ ಇಲ್ಲದವರಿಗೆ ಎರಡು ಮಾತು. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದರು. ಅವರ ಅಚ್ಚುಕೂಟ, ಹೆಂಚಿನ ಕಾರ್ಖಾನೆ, 1843ರ 'ಮಂಗಳೂರ ಸಮಾಚಾರ', ಕಿಟ್ಟೆಲರ ನಿಘಂಟು ಇವೆಲ್ಲ ಕನ್ನಡ ಓದಿದವರಿಗೆ ಗೊತ್ತು. ಅಷ್ಟಾಗಿ ಲೆಕ್ಕಕ್ಕೆ ಬಾರದ ಇನ್ನೊಂದು ಸಂಗತಿಯೂ ಅವರ ಜೊತೆ ಬಂತು: ನಾಲ್ಕು ಸ್ವರಪಂಕ್ತಿಗಳಲ್ಲಿ ಒಟ್ಟಾಗಿ ಹಾಡುವ ಪದ್ಧತಿ. ಮನೆಯಲ್ಲಿ ತುಳು ಮಾತಾಡುವ ನಾವು ಭಾನುವಾರ ಕನ್ನಡದಲ್ಲಿ ಆರಾಧನೆ ಮಾಡುತ್ತೇವೆ, ಜರ್ಮನಿಯಿಂದಲೋ ಇಂಗ್ಲೆಂಡಿನಿಂದಲೋ ಬಂದ ರಾಗಗಳಲ್ಲಿ ಹಾಡುತ್ತೇವೆ. ಇದರಲ್ಲಿ ವಿಚಿತ್ರವೇನಾದರೂ ಇದೆಯೆಂದು ಒಳಗಿನವರಿಗೆ ಅನ್ನಿಸುವುದೇ ಇಲ್ಲ.

ಸಭೆಯ ಹಳೆಯ ಗೀತಪುಸ್ತಕಗಳು ಹರಿದುಹೋಗಿವೆ. ಹೆಚ್ಚು ಬಳಕೆಯಲ್ಲಿರುವ 60 ಹಾಡುಗಳನ್ನು ಆರಿಸಿ ಒಂದು ಕಿರುಪುಸ್ತಕ ಮಾಡಬೇಕೆಂದು ಈ ವರ್ಷ ಸಮಿತಿ ತೀರ್ಮಾನಿಸಿತು. ಮಾಸ್ಟ್ರು ಅಭ್ಯಾಸ ಮುಗಿದ ಮೇಲೆ ನನ್ನನ್ನು ಕರೆದು, "ನೀನು ಛಂದಸ್ಸಿನ ಮೇಲೆ ಪಿಎಚ್‌ಡಿ ಮಾಡ್ತಾ ಇದ್ದಿ ಅಲ್ವಾ ಮಗಾ, ಈ ಪದಗಳನ್ನು ರಾಗಕ್ಕೆ ಸರಿ ಕೂತುಕೊಳ್ಳುವ ಹಾಗೆ ಮಾಡಿ ಕೊಡು" ಎಂದರು. ಸಂಬಳವಿಲ್ಲದ ಕೆಲಸಗಳನ್ನು ಸಭೆ ಹಂಚುವುದೇ ಹೀಗೆ. ಎತ್ತರ ಇದ್ದವರಿಗೆ ನಕ್ಷತ್ರ ಕಟ್ಟುವ ಕೆಲಸ, ಜೀಪು ಇದ್ದವರಿಗೆ ಶಾಮಿಯಾನ ತರುವ ಕೆಲಸ. ಛಂದಸ್ಸು ಓದಿದವಳಿಗೆ ಇದು ಬಂತು.

ಸಮಸ್ಯೆ ಏನೆಂದರೆ, ಈ ರಾಗಗಳು ಅಕ್ಷರಗಳನ್ನು ಎಣಿಸುತ್ತವೆ, ಕನ್ನಡ ಮಾತ್ರೆಗಳನ್ನು ಎಣಿಸುತ್ತದೆ. ಇಂಗ್ಲಿಷ್ ಗೀತಪುಸ್ತಕಗಳಲ್ಲಿ ಹಾಡಿನ ತಲೆಯ ಮೇಲೆ 8.6.8.6 ಎಂಬಂಥ ಅಂಕಿಗಳಿರುತ್ತವೆ. ಮೊದಲ ಸಾಲಿಗೆ ಎಂಟು ಅಕ್ಷರ, ಎರಡನೆಯದಕ್ಕೆ ಆರು, ಹೀಗೆ. ಅಂಕಿ ಒಂದೇ ಆಗಿದ್ದರೆ ಒಂದು ಹಾಡಿನ ಪದಗಳನ್ನು ಇನ್ನೊಂದರ ರಾಗಕ್ಕೆ ಹಾಡಬಹುದು. ಅಲ್ಲಿ ಸಾಮಾನ್ಯವಾಗಿ ಮೊದಲ ಅಕ್ಷರ ಹಗುರ, ಎರಡನೆಯದು ಭಾರ, ಮೂರನೆಯದು ಹಗುರ. ಅನುವಾದ ಮಾಡಿದವರು ಅಕ್ಷರದ ಲೆಕ್ಕವನ್ನು ಚಾಚೂ ತಪ್ಪದೆ ಪಾಲಿಸಿದ್ದಾರೆ. ಆದರೆ ಕನ್ನಡದ ಪದಗಳಲ್ಲಿ ಒತ್ತು ಬೀಳುವುದಿದ್ದರೆ ಅದು ಮೊದಲ ಅಕ್ಷರದ ಮೇಲೆ. ಜೊತೆಗೆ ನಮ್ಮಲ್ಲಿ ಹ್ರಸ್ವ ದೀರ್ಘವಾದರೆ ಅರ್ಥವೇ ಬದಲಾಗುತ್ತದೆ.

ಒಂದು ಉದಾಹರಣೆಯನ್ನು ನಾನೇ ಕಟ್ಟಿ ಹೇಳುತ್ತೇನೆ. ಮೂರು ಎಣಿಕೆಯ ತಾಳದ ರಾಗ. ಹಗುರ ಅಕ್ಷರಕ್ಕೆ ಒಂದು ಎಣಿಕೆ, ಭಾರದ್ದಕ್ಕೆ ಎರಡು. ಅದಕ್ಕೆ "ಶಾಂತಿಯ ಕೊಡು" ಎಂದು ಹಾಕಿದರೆ ಎರಡನೆಯ ಮತ್ತು ನಾಲ್ಕನೆಯ ಅಕ್ಷರಗಳು ಉದ್ದವಾಗಿ, ಕಿವಿಗೆ ಬೀಳುವುದು "ಶಂತೀಯ ಕೋಡು." ದೇವರ ಹತ್ತಿರ ಶಾಂತಿ ಕೇಳಲು ಹೋಗಿ ಕೊಂಬು ಕೇಳಿದ ಹಾಗಾಯಿತು. ಅದೇ ಜಾಗಕ್ಕೆ "ನೀ ಶಾಂತಿ ನೀಡು" ಎಂದು ಹಾಕಿ ನೋಡಿ. ಅಕ್ಷರಗಳು ಅಷ್ಟೇ ಐದು. 'ನೀ' ತುಸು ಮೊಟಕಾಗುತ್ತದೆ, ಉಳಿದಂತೆ 'ಶಾಂತಿ', 'ನೀಡು' ಎರಡೂ ಮೂರು ಮಾತ್ರೆಯ ಗಣಗಳಾಗಿ ತಾಳದ ಮೇಲೆ ಸರಿಯಾಗಿ ಕೂರುತ್ತವೆ. ಭೋಗ ಷಟ್ಪದಿಯ ನಡೆ. ಮುಂದೆ ನಿಂತ 'ನೀ' ನಮ್ಮ ಛಂದಸ್ಸಿನವರು ಪದ್ಮಗಣ ಎಂದು ಕರೆಯುವ, ತಾಳಕ್ಕೆ ಹೊರಗಿನ ತುಣುಕು.

ಮಿಶನರಿಗಳಿಗೆ ಇದು ಗೊತ್ತಿರಲಿಲ್ಲ ಎನ್ನುವಂತಿಲ್ಲ. ಕಿಟ್ಟೆಲರು 1862ರಲ್ಲೇ ಯೇಸುವಿನ ಜೀವನವನ್ನು ನಮ್ಮ ಛಂದಸ್ಸುಗಳಲ್ಲಿ ಹೇಳುವ 'ಕಥಾಮಾಲೆ'ಯನ್ನು ಪ್ರಕಟಿಸಿದ್ದರು. 1875ರಲ್ಲಿ ನಾಗವರ್ಮನ 'ಛಂದೋಂಬುಧಿ'ಯನ್ನು ಸಂಪಾದಿಸಿದವರೂ ಅವರೇ. ಷಟ್ಪದಿಯಲ್ಲಿ ಬರೆದರೆ ಗಮಕಿಯೊಬ್ಬ ಚೆನ್ನಾಗಿ ಓದಬಲ್ಲ. ಆದರೆ ಇಡೀ ಸಭೆ, ಓದು ಬಾರದವರೂ ಸೇರಿ, ಒಂದೇ ಉಸಿರಿಗೆ ನಾಲ್ಕು ಸ್ವರಗಳಲ್ಲಿ ಹಾಡಲು ಅಳತೆಗೆ ಕತ್ತರಿಸಿದ ಸಾಲುಗಳು ಬೇಕು. ಆ ಅಳತೆಗಾಗಿ ಅವರು ಗುರು ಲಘುವನ್ನು ಬಿಟ್ಟುಕೊಟ್ಟರು. ಮುಂದೆ ಬಿ.ಎಂ.ಶ್ರೀ. 1926ರ 'ಇಂಗ್ಲಿಷ್ ಗೀತಗಳು' ಸಂಕಲನದಲ್ಲಿ ಇದೇ ಬಗೆಯ ತೊಡಕನ್ನು ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳಿಂದ ಬಿಡಿಸಿದರು. ಪಶ್ಚಿಮದ ಭಾವಗೀತೆಯ ರೂಪಗಳು ಕನ್ನಡಕ್ಕೆ ಬಂದ ಕಥೆಯನ್ನು ನಾವು ತರಗತಿಯಲ್ಲಿ ಬಹುತೇಕ ಅಲ್ಲಿಂದ ಆರಂಭಿಸುತ್ತೇವೆ. ಅದಕ್ಕೂ ಹಲವು ದಶಕ ಮೊದಲೇ ಹೆಂಚಿನ ಕಾರ್ಖಾನೆಯ ಕೆಲಸಗಾರರು ಅಂಥ ರೂಪಗಳನ್ನು ಬಾಯಿಪಾಠ ಹಾಡುತ್ತಿದ್ದರು.

ಹಾಗಾದರೆ ಈಗ ತಿದ್ದಿಬಿಡಬಹುದಲ್ಲ? ಕಾಗದದ ಮೇಲೆ ನೋಡಿದರೆ ಹೌದು. ಆದರೆ ಗಾಯನ ಮಂಡಳಿಯ ಕೆಲಸ ಭಾನುವಾರಕ್ಕೆ ಮುಗಿಯುವುದಿಲ್ಲ. ಅದರ ನಿಜವಾದ ಕೆಲಸ ಸಾವಿನ ಮನೆಯಲ್ಲಿ.

ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ದೇವಾಲಯದ ಗಂಟೆ ನಿಧಾನವಾಗಿ ಬಿಟ್ಟುಬಿಟ್ಟು ಬಡಿಯುತ್ತದೆ. ಸ್ತ್ರೀಯರ ಕೂಟದ ಇಬ್ಬರು ಮೂವರು ದೇಹಕ್ಕೆ ಸ್ನಾನ ಮಾಡಿಸಲು ಹೊರಡುತ್ತಾರೆ. ಒಬ್ಬರು ಗುಂಡಿ ತೋಡಿಸಲು, ಒಬ್ಬರು ಬೆಂಚು ಸಾಗಿಸಲು, ಪಕ್ಕದ ಮನೆಯವರು ಗಂಜಿ ಬೇಯಿಸಲು. ಯಾರೂ ಯಾರಿಗೂ ಹೇಳುವುದಿಲ್ಲ. ಸಂಜೆ ಹಾಡುವವರು ಬಂದು ಅಂಗಳದಲ್ಲಿ ನಿಲ್ಲುತ್ತಾರೆ. ಮರುದಿನ ಪೆಟ್ಟಿಗೆ ಮುಚ್ಚುವವರೆಗೂ ಬಿಟ್ಟುಬಿಟ್ಟು ಹಾಡು.

ಇದಕ್ಕೆ ಹಿಂದಿನ ಕಾರಣವೊಂದಿದೆ. ತುಳುನಾಡಿನಲ್ಲಿ ಸಾವಿನ ಕೆಲಸಗಳಿಗೆ ಕುಟುಂಬ ಬೇಕು, ಜಾತಿಯವರು ಬೇಕು. ಮತಾಂತರವಾದವನಿಗೆ ಆ ನಂಟು ಕಡಿದುಹೋಗುತ್ತಿತ್ತು. ಅನೇಕರಿಗೆ ಕುಲಕಸುಬೂ ಹೋಗುತ್ತಿತ್ತು, ಮಿಶನ್ ನೇಯ್ಗೆ ಮತ್ತು ಹೆಂಚಿನ ಕಾರ್ಖಾನೆ ಹಾಕಿದ್ದಕ್ಕೆ ಅದೂ ಒಂದು ಕಾರಣ. ಕೆಲಸವನ್ನು ಕಾರ್ಖಾನೆ ಕೊಟ್ಟೀತು. ಹೆಗಲು ಕೊಡುವವರು ಯಾರು? ಸಭೆಯೇ ಕೊಡಬೇಕಾಯಿತು. ಸೇವೆ ಎಂಬ ಮಾತನ್ನು ನಾವು ಈಗ ವರದಿಗಳಲ್ಲಿ ಬಹಳ ಮೃದುವಾಗಿ ಬಳಸುತ್ತೇವೆ. ಅದರ ಮೊದಲ ಅರ್ಥ ಇಷ್ಟು ಗಟ್ಟಿಯಾದದ್ದು: ಹೊರಲು ಆರು ಜನ, ಹಾಡಲು ಕೆಲವರು.

ಸಾವಿನ ಮನೆಯಲ್ಲಿ ಪುಸ್ತಕ ತೆರೆಯಲು ಆಗುವುದಿಲ್ಲ. ಬೆಳಕು ಸಾಲದು, ಜಾಗ ಸಾಲದು, ಕಣ್ಣು ಮಂಜಾಗಿರುತ್ತದೆ. ಬಾಯಿಗೆ ಬಂದದ್ದು ಮಾತ್ರ ಹಾಡು. ನನ್ನ ಆಲ್ಟೊ ಸಾಲಿನಲ್ಲಿ ಸ್ವತಂತ್ರ ರಾಗವೆಂಬುದು ಇಲ್ಲವೇ ಇಲ್ಲ. ಒಂದೇ ಸ್ವರದ ಮೇಲೆ ಐದಾರು ಅಕ್ಷರ ನಿಂತು, ಒಂದು ಮೆಟ್ಟಿಲು ಇಳಿದು, ಮತ್ತೆ ಹತ್ತುವುದು. ಒಬ್ಬಳೇ ಹಾಡಿದರೆ ಯಾವ ಹಾಡೆಂದು ಯಾರಿಗೂ ತಿಳಿಯದು. ಆದರೆ ಸೊಪ್ರಾನೊದಲ್ಲಿ ಸತ್ತವರ ಮಗಳು ನಿಂತಿದ್ದು ಆಕೆಯ ಗಂಟಲು ಕಟ್ಟಿದಾಗ ಕೆಳಗಿನ ಮೂರು ಸ್ವರಗಳು ಮುಂದೆ ಹೋಗುತ್ತಿರುತ್ತವೆ, ಆಕೆ ಮುಂದಿನ ಸಾಲಿಗೆ ಬಂದು ಸೇರಿಕೊಳ್ಳುತ್ತಾಳೆ. ನಾಲ್ಕು ಸ್ವರಗಳ ಉಪಯೋಗವನ್ನು ಇದಕ್ಕಿಂತ ಚೆನ್ನಾಗಿ ಯಾವ ಸಂಗೀತದ ಪುಸ್ತಕವೂ ನನಗೆ ವಿವರಿಸಿಲ್ಲ.

2020ರಲ್ಲಿ ಇದು ನಿಂತಿತು. ಆ ಮಾರ್ಚ್‌ನಲ್ಲಿ ಅಮೆರಿಕದ ಸ್ಕ್ಯಾಗಿಟ್ ಕೌಂಟಿಯಲ್ಲಿ ಗಾಯನ ತಂಡವೊಂದರ ಅಭ್ಯಾಸಕ್ಕೆ ಬಂದಿದ್ದ 61 ಜನರಲ್ಲಿ 53 ಮಂದಿಗೆ ಸೋಂಕು ತಗಲಿ ಇಬ್ಬರು ತೀರಿಕೊಂಡರು. ಹಾಡುವುದೇ ಅಪಾಯ ಎಂದು ಜಗತ್ತು ಕಲಿತದ್ದು ಹೀಗೆ. ಜೂನ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಆರಾಧನಾ ಸ್ಥಳಗಳಿಗೆ ಹೊರಡಿಸಿದ ಸೂಚನೆಯಲ್ಲಿ ಗಾಯನ ತಂಡಗಳು ಬೇಡ, ಸಾಧ್ಯವಾದಷ್ಟು ಮಟ್ಟಿಗೆ ಧ್ವನಿಮುದ್ರಿತ ಹಾಡು ಹಾಕಬಹುದು ಎಂದಿತ್ತು. ಅಂತ್ಯಕ್ರಿಯೆಗೆ 20 ಜನರ ಮಿತಿ. ನಿಯಮ ಸರಿಯಾದದ್ದೇ, ನಾವು ಪಾಲಿಸಿದೆವು. ಆ ಮಳೆಗಾಲದಲ್ಲಿ ನಮ್ಮ ಹಳೆಯ ಬೇಸ್ ಹಾಡುಗಾರರೊಬ್ಬರು ತೀರಿಕೊಂಡಾಗ ಸಿಮಿಟ್ರಿಯಲ್ಲಿ ಒಂದು ಮೊಬೈಲನ್ನು ಸಣ್ಣ ಸ್ಪೀಕರಿಗೆ ಜೋಡಿಸಿ, ನಮ್ಮದೇ ಮಂಡಳಿಯ ಹಳೆಯ ಧ್ವನಿಮುದ್ರಣ ಹಾಕಿದರು. ಅದರಲ್ಲಿ ಅವರ ದನಿಯೂ ಇತ್ತು. ನಾಲ್ಕು ಚರಣ ಮುಗಿದು ಹಾಡು ನಿಂತಿತು. ಮಣ್ಣು ಹಾಕುವುದು ಮುಗಿದಿರಲಿಲ್ಲ. ಆಮೇಲೆ ಕೇಳಿಸಿದ್ದು ಒದ್ದೆ ಮಣ್ಣಿಗೆ ಗುದ್ದಲಿ ತಾಗುವ ಸದ್ದು ಮಾತ್ರ.

ಮನುಷ್ಯರು ಹಾಡುವಾಗ ಹೀಗಾಗುವುದಿಲ್ಲ. ಪೆಟ್ಟಿಗೆ ಬಾಗಿಲಿನಲ್ಲಿ ಸಿಕ್ಕಿಕೊಂಡರೆ ಕೊನೆಯ ಚರಣ ಇನ್ನೊಮ್ಮೆ ಬರುತ್ತದೆ. ಮಣ್ಣು ಮುಗಿಯುವವರೆಗೆ ಹಾಡು ಕಾಯುತ್ತದೆ.

ಕಿರುಪುಸ್ತಕದ ಚರ್ಚೆಗೆ ಕೂತಾಗ ಇವೆಲ್ಲ ಮೇಜಿನ ಮೇಲೆಯೇ ಇದ್ದವು. ಮಾಸ್ಟ್ರಿಗೆ ಎಲ್ಲವನ್ನೂ ತಿದ್ದುವ ಆಸೆ. ಯುವಜನ ಕೂಟದ ಹುಡುಗನೊಬ್ಬ, "ಅರ್ಥ ಆಗದ್ದನ್ನು ಬಿಡುವಾ ಮಾಸ್ಟ್ರೇ, ಗಿಟಾರಿಗೆ ಬರುವ ಹೊಸ ಹಾಡು ಹಾಕುವಾ" ಎಂದ. ಅವನ ಮಾತು ತೆಗೆದುಹಾಕುವಂಥದ್ದಲ್ಲ. ಅವನ ವಯಸ್ಸಿನವರು ಬಾರದಿದ್ದರೆ ಇನ್ನು 20 ವರ್ಷಕ್ಕೆ ಹೊರಲು ಆರು ಜನ ಇರುವುದಿಲ್ಲ. ನಮ್ಮ ಆಲ್ಟೊದ ಹಿರಿಯರು, ಎಲ್ಲರೂ ದೊಡ್ಡಮ್ಮ ಎನ್ನುವವರು, ಸ್ವರಲಿಪಿ ಓದಲು ಬಾರದವರು. ತಾಯಿಯ ಪಕ್ಕ ನಿಂತು ಕಲಿತ ಆಲ್ಟೊ ಅವರದು. ಅವರು ಅಂದರು: "ನೀವು ಪದ ಬದಲಿಸಿದರೆ ನಾನು ಹಳೆಯದೇ ಹಾಡುವುದು. ನನ್ನ ಮಣ್ಣಿನ ದಿನ ನೀವು ಹೊಸದು ಹಾಡಿದರೆ ನನಗೆ ಗೊತ್ತಾಗುವುದಿಲ್ಲ ಬಿಡಿ, ಆದರೆ ನನ್ನ ತಂಗಿಗೆ ಬಾಯಿ ಬಾರದು."

ಅಂಗಳದಲ್ಲಿ ನಿಂತ ತಂಗಿಗೆ ಬಾಯಿ ಬಾರದಿರುವುದು 'ಕೊಡು' ಎಂಬುದು 'ಕೋಡು' ಆಗುವುದಕ್ಕಿಂತ ದೊಡ್ಡ ಛಂದೋಭಂಗ. ಹಾಗೆಂದು ಹಳೆಯದೆಲ್ಲ ಪವಿತ್ರ ಎನ್ನಲೂ ನನಗೆ ಮನಸ್ಸಿಲ್ಲ. ತಪ್ಪು ಗಣಗಳನ್ನು ಮಕ್ಕಳ ನಾಲಿಗೆಗೆ ದಾಟಿಸುವುದು ಭಕ್ತಿಯಲ್ಲ, ಸೋಮಾರಿತನ. ಎರಡನ್ನೂ ಬೇರೆ ಮಾಡುವ ಒರೆಗಲ್ಲು ಬೇಕಿತ್ತು, ಅದು ನನ್ನ ಪ್ರಬಂಧದ ಅಧ್ಯಾಯಗಳಲ್ಲಿ ಇರಲಿಲ್ಲ. ನಾನು ಒಂದು ಉಪಾಯ ಹೇಳಿದೆ. ಒಂದು ಶನಿವಾರದ ಅಭ್ಯಾಸಕ್ಕೆ ಮಂಡಳಿಯವರಲ್ಲದೆ ಸಭೆಯ ಇಪ್ಪತ್ತಿಪ್ಪತ್ತೈದು ಜನರನ್ನೂ ಕರೆಯೋಣ. ಪುಸ್ತಕ ಮುಚ್ಚಿ 60 ಹಾಡನ್ನೂ ಹಾಡೋಣ. ಕೊನೆಯ ಚರಣದವರೆಗೆ ತಡವರಿಸದೆ ಹೋದದ್ದನ್ನು ಮುಟ್ಟುವುದು ಬೇಡ, ನಡುವೆ ನಿಂತುಹೋದದ್ದು ನನ್ನ ಪಾಲಿಗೆ.

ಅದು ಎರಡು ಶನಿವಾರ ಹಿಡಿಯಿತು. ಪುಸ್ತಕವಿಲ್ಲದೆ ಕೊನೆ ಮುಟ್ಟಿದ್ದು 14 ಹಾಡು. ಅವುಗಳಲ್ಲಿ 9 ಸಾವಿನ ಮನೆಯವು, ಉಳಿದವು ಕ್ರಿಸ್‌ಮಸ್ ಮತ್ತು ಶುಭ ಶುಕ್ರವಾರದವು. ಪ್ರತಿ ತಿಂಗಳೂ ಆರಾಧನೆಯಲ್ಲಿ ಹಾಡುವ ಎಷ್ಟೋ ಹಾಡುಗಳು ಎರಡನೆಯ ಚರಣಕ್ಕೇ ಸೋತವು. ಆ 14 ಹಾಡುಗಳು ಇದ್ದ ಹಾಗೆಯೇ, ಎಳೆದ ಹ್ರಸ್ವಗಳ ಸಮೇತ ಅಚ್ಚಾಗುತ್ತವೆ. ಉಳಿದ 46ರಲ್ಲಿ ತಿದ್ದಬೇಕಾದವುಗಳ ಅರ್ಧ ಕೆಲಸ ಮುಗಿದಿದೆ. ಬಹುಪಾಲು ಕಡೆ ಪದ ಬದಲಿಸಬೇಕಾಗಿಲ್ಲ, ಒಂದು ಅಕ್ಷರದಷ್ಟು ಹಿಂದೆಮುಂದೆ ಸರಿಸಿದರೆ ಸಾಕು. ಗಿಟಾರಿನ ಹುಡುಗನೇ ನನ್ನ ಜೊತೆ ಕೂತು ತಾಳ ಹಾಕಿ ನೋಡುತ್ತಾನೆ. ಅವನ ದನಿ ಈಗಷ್ಟೇ ಒಡೆದು ನಿಂತಿದೆ, ಟೆನರಿಗೆ ಹೇಳಿ ಮಾಡಿಸಿದ ಹಾಗಿದೆ.

ನಾನು ತಿದ್ದಿದ ಯಾವುದಾದರೂ ಹಾಡು ಆ 14ರ ಸಾಲಿಗೆ ಸೇರೀತೇ? ಅದು ಛಂದಸ್ಸಿನಿಂದ ಆಗುವ ಕೆಲಸವಲ್ಲ. ಯಾರದೋ ಅಂಗಳದಲ್ಲಿ, ಸಾಲದ ಬೆಳಕಿನಲ್ಲಿ, ಅದನ್ನು ಎಷ್ಟೋ ಸಲ ಹಾಡಬೇಕು. ಹಾಡಲು ನಾಲ್ಕೂ ಸ್ವರದವರು ಊರಿನಲ್ಲಿ ಉಳಿದಿರಬೇಕು. ಸದ್ಯಕ್ಕೆ ಹುಡುಗ ಡಿಪ್ಲೊಮಾದ ಎರಡನೆಯ ವರ್ಷದಲ್ಲಿದ್ದಾನೆ.