ತಿಥಿ ನೋಡಿ ಬರುವ ಅತಿಥಿಗಳು

ಇಂಗ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಬ್ಲ್ಯಾಕ್‌ಪೂಲ್ ಎಂಬುದೊಂದು ಪಟ್ಟಣವಿದೆ. ಮ್ಯಾಂಚೆಸ್ಟರಿನಿಂದ ರೈಲಿನಲ್ಲಿ ಸುಮಾರು ಒಂದೂಕಾಲು ಗಂಟೆಯ ದಾರಿ. ಕೆಲವು ವರ್ಷಗಳ ಕೆಳಗೆ ನಾವು ಸಪತ್ನೀಕರಾಗಿ ಅಲ್ಲಿ ಮೂರು ದಿನ ತಂಗಿದ್ದೆವು. 1894ರಲ್ಲಿ ತೆರೆದ 518 ಅಡಿ ಎತ್ತರದ ಉಕ್ಕಿನ ಗೋಪುರ, ಕಂಬಗಳ ಮೇಲೆ ಸಮುದ್ರದೊಳಕ್ಕೆ ಚಾಚಿರುವ ಮೂರು ವಿಹಾರಸೇತುವೆಗಳು, ತೀರದುದ್ದಕ್ಕೂ ಓಡುವ ಟ್ರಾಮು, ಇವನ್ನು ವಾಚಕರು ಚಿತ್ರಪಟಗಳಲ್ಲಿ ಕಂಡಿರಬಹುದು. ನಮ್ಮ ಮನಸ್ಸನ್ನು ಸೆಳೆದುವಾದರೋ ತೀರದ ಹಿಂದಣ ಬೀದಿಗಳಲ್ಲಿ ಒಂದಕ್ಕೊಂದು ಅಂಟಿಕೊಂಡು ನಿಂತಿರುವ ಇಟ್ಟಿಗೆಯ ಮನೆಗಳು. ಎರಡು ಮಹಾಯುದ್ಧಗಳ ನಡುವಣ ಇಪ್ಪತ್ತು ವರ್ಷಗಳಲ್ಲಿ ಲ್ಯಾಂಕಶೈರಿನ ಗಿರಣಿಯ ಕೂಲಿಗಾರರು ಹೆಂಡಿರುಮಕ್ಕಳೊಡನೆ ಬಂದು ತಂಗುತ್ತಿದ್ದ ಬೋರ್ಡಿಂಗ್ ಹೌಸುಗಳೆಂದರೆ ಇವೇ.

ಆ ನಾಡಿನಲ್ಲಿ ಒಂದೊಂದು ಊರಿಗೂ ಒಂದೊಂದು 'ವೇಕ್ಸ್' ವಾರವಿತ್ತು. ಮೊದಲು ಅದು ಊರ ಇಗರ್ಜಿಯ ಹಬ್ಬ; ಹಬ್ಬದ ಹಿಂದಣ ರಾತ್ರಿ ಎಚ್ಚರವಿರುತ್ತಿದ್ದುದರಿಂದ ಆ ಹೆಸರು. ನಮ್ಮ ಜಾಗರಣೆಯೂ ಜಾತ್ರೆಯೂ ಕೂಡಿದಂತೆ ಎನ್ನಬಹುದು. ಕಾಲಕ್ರಮದಲ್ಲಿ ದೇವರು ಹಿಂದೆ ಸರಿದು ರಜವೊಂದೇ ಉಳಿಯಿತು. ಆ ವಾರ ಊರಿನ ಗಿರಣಿಗಳೆಲ್ಲ ಒಟ್ಟಿಗೆ ನಿಲ್ಲುವುವು; ಹೊಗೆಕೊಳವೆಗಳು ತಣ್ಣಗಾಗುವುವು; ಬೀದಿಗೆ ಬೀದಿಯೇ ರೈಲು ಹತ್ತಿ ಸಮುದ್ರಕ್ಕೆ ಹೊರಡುವುದು. ಊರಿನಲ್ಲಿ ನೆರೆಮನೆಯವರಾಗಿದ್ದವರು ಇಲ್ಲಿಯೂ ನೆರೆಕೋಣೆಯವರು. ಒಂದು ಊರಿನವರು ಹಿಂದಿರುಗುವಷ್ಟರಲ್ಲಿ ಮತ್ತೊಂದು ಊರಿನವರ ಸರದಿ.

ಈ ರಜಕ್ಕೆ ಬಹುಮಂದಿಗೆ ಸಂಬಳವಿರಲಿಲ್ಲ. ಏಳು ದಿನ ಕೂಲಿಯೂ ಇಲ್ಲ, ಖರ್ಚು ಬೇರೆ. ಆದುದರಿಂದ ಗಿರಣಿಯ ಉಳಿತಾಯ ಕೂಟಗಳಲ್ಲಿ ವಾರವಾರವೂ ಕೆಲವು ಪೆನ್ನಿಗಳನ್ನು ಕಟ್ಟಿ, ವರ್ಷಾಂತ್ಯಕ್ಕೆ ಕೈಗೆ ಬಂದ ಗಂಟನ್ನು ಇಲ್ಲಿ ಬಿಚ್ಚುತ್ತಿದ್ದರು. ಆ ಪೆನ್ನಿಗಳಿಗೂ ನಮ್ಮ ದೇಶಕ್ಕೂ ನಂಟುಂಟು. ಅವರು ನೇಯುತ್ತಿದ್ದ ಬಟ್ಟೆಗೆ ಹಿಂದೆ ಬಹುದೊಡ್ಡ ಪೇಟೆ ಹಿಂದುಸ್ಥಾನವೇ. ನಮ್ಮ ಅಜ್ಜಂದಿರು ವಿದೇಶೀ ಬಟ್ಟೆಯನ್ನು ತೊರೆದುದು ನ್ಯಾಯವೇ ಆಗಿತ್ತು. ಅದರಲ್ಲಿ ನಮಗೆ ಎರಡು ಮಾತಿಲ್ಲ. ಆದರೂ ಅಲ್ಲಿ ಮಗ್ಗಗಳು ನಿಂತುದಕ್ಕೆ ಇದ್ದ ಹಲವು ಕಾರಣಗಳಲ್ಲಿ ಅದೂ ಒಂದು. 1931ರ ಸೆಪ್ಟೆಂಬರಿನಲ್ಲಿ ಗಾಂಧಿಯವರು ಆ ಜಿಲ್ಲೆಯ ಡಾರ್ವೆನ್ ಎಂಬ ಊರಿಗೆ ಹೋಗಿ ಕೂಲಿಗಾರರನ್ನು ಕಂಡರು. ಗಿರಣಿಯ ಹೆಂಗಸರು ಅವರನ್ನು ಸುತ್ತುವರಿದು ನಗುತ್ತ ಜಯಕಾರ ಮಾಡುತ್ತಿರುವ ಛಾಯಾಚಿತ್ರ ಇಂದಿಗೂ ಇದೆ. ಆ ವರ್ಷ ಅವರಲ್ಲಿ ಎಷ್ಟು ಮಂದಿ ಸಮುದ್ರವನ್ನು ಕಂಡರೋ!

ಬೋರ್ಡಿಂಗ್ ಹೌಸಿನ ನಿಯಮಗಳು ಬಿಗಿ. ಶನಿವಾರ ಬಂದು ಮುಂದಣ ಶನಿವಾರ ಹೊರಡಬೇಕು. ಬೆಳಗಿನ ಉಪಾಹಾರವಾದೊಡನೆ ಎಲ್ಲರೂ ಹೊರಗೆ; ಮಧ್ಯಾಹ್ನದ ಊಟದವರೆಗೆ ಒಳಗೆ ಬರಕೂಡದು. ಮಳೆ ಬಂದರೆ? ತೀರದ ಚಾವಡಿಯಲ್ಲಿ ಮಕ್ಕಳನ್ನು ತಬ್ಬಿಕೊಂಡು ಕುಳಿತಿರುವುದು. ಒಂದೇ ಹಾಸಿಗೆಯಲ್ಲಿ ಮೂರು ನಾಲ್ಕು ಮಕ್ಕಳು ತಲೆಗೆ ಕಾಲಾಗಿ ಮಲಗುವುದುಂಟು. ಕೋಣೆಯಲ್ಲಿ ಮುಖ ತೊಳೆಯಲು ಒಂದು ಹೂಜಿ, ಒಂದು ಬೋಗುಣಿ. ಅತಿಥಿಯೆಂದರೆ ತಿಥಿ ನೋಡದೆ ಬರುವವನೆಂದು ನಾವು ಮಕ್ಕಳಿಗೆ ವ್ಯುತ್ಪತ್ತಿ ಹೇಳಿಕೊಟ್ಟವರು. ಇಲ್ಲಿಯವರೋ ಹೊರಡುವಾಗಲೇ ಮುಂದಣ ವರ್ಷದ ತಿಥಿಯನ್ನು ಗೊತ್ತುಮಾಡಿ ಹೋಗುವವರು! ಉಪ್ಪು, ಮೆಣಸಿನ ಪುಡಿಗಳ ಭರಣಿಯನ್ನು ಮೇಜಿನ ಮೇಲೆ ಇಟ್ಟುದಕ್ಕೂ ಲೆಕ್ಕದಲ್ಲಿ ಬೇರೆ ಹಣ ಬರೆಯುವ ಮನೆಗಳಿದ್ದುವು. ಉಪ್ಪಿನ ಋಣವನ್ನು ಜನ್ಮವಿಡೀ ಹೊರುವ ನಮ್ಮವರಿಗೆ ಇದು ವಿಚಿತ್ರವಾಗಿ ತೋರಬಹುದು. ಆದರೆ ಋಣವು ಅಲ್ಲಿಗೆ ತೀರಿತು ಎಂಬುದೂ ಒಂದು ಸೌಖ್ಯವಲ್ಲವೆ?

ನಾವು ಇದನ್ನೆಲ್ಲ ವಿವರಿಸುತ್ತಿರಲು ನಮ್ಮ ಮನೆಯವರು, "ಅದಿರಲಿ, ಅಡಿಗೆ ಮಾಡುತ್ತಿದ್ದವರು ಯಾರು?" ಎಂದು ಕೇಳಿದರು. ಮೂವತ್ತು ವರ್ಷ ಪಾಠ ಹೇಳಿದ ನಮಗೆ ಈ ಪ್ರಶ್ನೆ ಹೊಳೆದಿರಲಿಲ್ಲ.

ಹಳೆಯ ಪದ್ಧತಿಯಲ್ಲಿ ತಂಗಿದವರು ಕೋಣೆಗೆ ಮಾತ್ರ ಬಾಡಿಗೆ ಕೊಡುವರು. ಮಾಂಸ, ತರಕಾರಿ, ಬ್ರೆಡ್ಡನ್ನು ತಾಯಿಯೇ ಪೇಟೆಯಿಂದ ತರಬೇಕು. ಮನೆಯ ಯಜಮಾನಿತಿ ಬೇಯಿಸಿ ಬಡಿಸುವಳು. ಹತ್ತು ಸಂಸಾರದ ಹತ್ತು ಬಗೆಯ ಸಾಮಾನು, ಒಂದೇ ಒಲೆ! ಯುದ್ಧಗಳ ನಡುವಣ ಕಾಲದಲ್ಲಿ ಇದು ಹಿಂದಾಗಿ, ಊಟವೂ ಸೇರಿದ ದರವೇ ವಾಡಿಕೆಯಾಗುತ್ತ ಬಂತು. ಆಗಲ್ಲವೆ ಆ ತಾಯಿ ವರ್ಷಕ್ಕೆ ಏಳು ದಿನ ಚೀಲ ಹಿಡಿಯದೆ, ಪಾತ್ರೆ ತೊಳೆಯದೆ, ಬೇರೆಯವರು ಬಡಿಸಿದುದನ್ನು ಕುಳಿತು ಉಂಡದ್ದು! ಉಳಿದ ದಿನಗಳಲ್ಲಿ ಅವಳೂ ಎಷ್ಟೋ ವೇಳೆ ಗಿರಣಿಯಲ್ಲಿ ದುಡಿದು ಬಂದು ಒಲೆ ಹಚ್ಚುವವಳೇ.

1938ರಲ್ಲಿ ಸಂಬಳಸಹಿತವಾದ ರಜದ ಶಾಸನವಾಯಿತು, ಮರುವರ್ಷವೇ ಯುದ್ಧ. ಅದರ ಫಲವನ್ನು ಹೆಚ್ಚಾಗಿ ಉಂಡವರು 1945ರಿಂದ ಈಚಿನವರು.

ನಾವು ಇಳಿದಿದ್ದ ಮನೆಯ ಮುದುಕಿಯ ಅಜ್ಜಿಯೂ ಅದೇ ಉದ್ಯೋಗದವಳಂತೆ. ರಜದ ತಿಂಗಳುಗಳಲ್ಲಿ ಹಾಸಿಗೆಗಳನ್ನೆಲ್ಲ ಬಂದವರಿಗೆ ಬಿಟ್ಟುಕೊಟ್ಟು, ಆಕೆ ಮಕ್ಕಳೊಡನೆ ಅಡಿಗೆಮನೆಯ ನೆಲದ ಮೇಲೆ ಮಲಗುತ್ತಿದ್ದಳಂತೆ. "ಅಜ್ಜಿ ಸಮುದ್ರಕ್ಕೆ ಹೋಗುತ್ತಿದ್ದುದು ಯಾವಾಗ?" ಎಂದು ನಮ್ಮ ಮನೆಯವರು ನಮ್ಮ ಮೂಲಕ ಕೇಳಿಸಿದರು. ಮುದುಕಿ ನಕ್ಕು, "ನವೆಂಬರಿನಲ್ಲಿ" ಎಂದಳು. ಆ ತಿಂಗಳಲ್ಲಿ ಅಲ್ಲಿಯ ಗಾಳಿಗೆ ನಿಲ್ಲುವುದೇ ಕಷ್ಟ.

ಹೊರಡುವ ದಿನ ಬೆಳಗ್ಗೆ ನಮ್ಮ ಮನೆಯವರು ನಾವು ಕುಡಿದ ಲೋಟಗಳನ್ನು ತಾವೇ ತೊಳೆದಿಡಲು ಒಳಗೆ ಹೋದರು. ಮುದುಕಿ ಬಿಡಲಿಲ್ಲ. ಇಬ್ಬರಿಗೂ ಭಾಷೆ ತಿಳಿಯದು. ಬಹಳ ಹೊತ್ತು ಅಡಿಗೆಮನೆಯಿಂದ ನಗು ಕೇಳಿಸುತ್ತಿತ್ತು. ನಾವು ಹಜಾರದಲ್ಲಿ ಪೆಟ್ಟಿಗೆಗಳ ಪಕ್ಕದಲ್ಲಿ ಗಡಿಯಾರವನ್ನು ನೋಡುತ್ತ ಕುಳಿತಿದ್ದೆವು.