‘ಅಕಾಂಪ್ಲಿಷ್ಡ್’ ಎಂಬ ಒಂದು ಶಬ್ದ

ಪಾಠ ಹೇಳುವವರು ತಾವು ತಿದ್ದಿದ ತಪ್ಪುಗಳನ್ನು ಬೇಗನೆ ಮರೆಯುವರು, ತಿದ್ದಿಸಿಕೊಂಡವರು ಮರೆಯುವುದಿಲ್ಲ. ಆದರೆ ನಾವು ಈ ವೃತ್ತಿಗೆ ಸೇರಿದ ಹೊಸತರಲ್ಲಿ ಮಾಡಿದ ಒಂದು ತಿದ್ದುಪಡಿಯು ಇಪ್ಪತ್ತು ವರ್ಷಗಳು ಕಳೆದರೂ ನಮ್ಮ ಮನಸ್ಸನ್ನು ಬಿಟ್ಟುಹೋಗಿಲ್ಲ. ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ನಮ್ಮ ವಿದ್ಯಾರ್ಥಿನಿಯರು ಕೇಳಿದಾಗ ಅದನ್ನೇ ಬರೆಯುವುದು ಉಚಿತವೆಂದು ತೋರಿತು.

ಅಂದು ತರಗತಿಯಲ್ಲಿ ಜೇನ್ ಆಸ್ಟಿನ್ ಬರೆದ ಕಾದಂಬರಿಯೊಂದರ ಸಂಗ್ರಹವನ್ನು ಓದಿಸುತ್ತಿದ್ದೆವು. ಅದರಲ್ಲಿ ತರುಣಿಯರಿಗೆ ವಿಶೇಷಣವಾಗಿ ಬಂದ ‘ಅಕಾಂಪ್ಲಿಷ್ಡ್’ ಎಂಬ ಶಬ್ದದ ಅರ್ಥವನ್ನು ಕನ್ನಡದಲ್ಲಿ ಬರೆಯಿರೆಂದು ಹೇಳಿದೆವು. ಹೆಚ್ಚಿನವರು ‘ನಿಪುಣೆ’ ಎಂದೂ ‘ಗುಣಸಂಪನ್ನೆ’ ಎಂದೂ ಬರೆದರು. ಒಬ್ಬಳು ಮಾತ್ರ ‘ನೋಡಲು ಬಂದವರ ಮುಂದೆ ತೋರಿಸತಕ್ಕ ವಿದ್ಯೆಯನ್ನು ಕಲಿತವಳು’ ಎಂದು ಬರೆದಿದ್ದಳು. ನಾವು ಅದಕ್ಕೆ ಕೆಂಪು ಗೀಟು ಎಳೆದು, ನಿಘಂಟನ್ನು ನೋಡೆಂದು ಪಕ್ಕದಲ್ಲಿ ಬರೆದೆವು. ಅವಳು ಎದುರಾಡಲಿಲ್ಲ. ಅವಳ ಅಕ್ಕನನ್ನು ನೋಡಲು ಆ ವಾರವೇ ಗಂಡಿನ ಕಡೆಯವರು ಬಂದಿದ್ದರೆಂದೂ, ಅಕ್ಕ ಅವರ ಮುಂದೆ ಹಾಡಿ ತನ್ನ ಕಸೂತಿಯನ್ನು ತಂದು ತೋರಿಸಿದಳೆಂದೂ, ಅವಳು ಓದಿದ ಪುಸ್ತಕಗಳ ಮಾತನ್ನು ಯಾರೂ ಎತ್ತಲಿಲ್ಲವೆಂದೂ ನಮಗೆ ತಿಳಿದದ್ದು ಕೆಲವು ತಿಂಗಳುಗಳ ಮೇಲೆ.

ಆ ಬಳಿಕ 1813ರಲ್ಲಿ ಪ್ರಕಟವಾದ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಎಂಬ ಆ ಕಾದಂಬರಿಯನ್ನು ಮೊದಲಿನಿಂದ ಓದಿದೆವು. ಅದರ ಎಂಟನೆಯ ಅಧ್ಯಾಯದಲ್ಲಿ ಈ ಶಬ್ದವನ್ನು ಕುರಿತೇ ಒಂದು ಚರ್ಚೆ ನಡೆಯುವುದು. ಮೇಜಿಗೆ ಬಣ್ಣ ಬಳಿದು ಹಣದ ಚೀಲ ಹೆಣೆಯಬಲ್ಲ ತರುಣಿಯರೆಲ್ಲರೂ ಅಕಾಂಪ್ಲಿಷ್ಡ್ ಎಂಬುದು ಬಿಂಗ್ಲಿಯ ಮತ. ಅವನ ತಂಗಿಯು ಸಂಗೀತ, ಚಿತ್ರಕಲೆ, ನೃತ್ಯ, ಪರಭಾಷೆಗಳು ಇವೆಲ್ಲವೂ ಬೇಕು, ಇವುಗಳ ಮೇಲೆ ನಡಿಗೆಯಲ್ಲಿಯೂ ದನಿಯಲ್ಲಿಯೂ ಒಂದು ಬೆಡಗು ಬೇಕು ಎನ್ನುವಳು. ಡಾರ್ಸಿಯು ಹೆಚ್ಚಿನ ಓದಿನಿಂದ ಬೆಳೆದ ಬುದ್ಧಿಯೂ ಇರತಕ್ಕದ್ದೆಂದು ಸೇರಿಸುವನು. ಆ ಸಂಜೆ ಇಸ್ಪೀಟಿನ ಆಟಕ್ಕೆ ಕೂಡದೆ ಪುಸ್ತಕವನ್ನು ಹಿಡಿದಿದ್ದ ಎಲಿಜಬೆತಳು, ಇಂಥವಳೊಬ್ಬಳನ್ನೂ ತಾನು ಕಂಡಿಲ್ಲವೆಂದು ಉತ್ತರ ಕೊಡುವಳು. ಅವಳ ತಂಗಿ ಮೇರಿಯು ರೂಪದ ಕೊರತೆಯನ್ನು ವಿದ್ಯೆಯಿಂದ ತುಂಬಲು ಬಹಳ ಶ್ರಮಪಟ್ಟವಳು; ಆದರೆ ಕಲಿತುದನ್ನು ಪ್ರದರ್ಶಿಸಲು ಸದಾ ಆತುರಪಡುವಳು. ಹೀಗಿರುವಲ್ಲಿ ನಮ್ಮ ವಿದ್ಯಾರ್ಥಿನಿಯು ಬರೆದುದರಲ್ಲಿ ತಪ್ಪೇನಿತ್ತು? ನಾವು ನಿಘಂಟನ್ನು ನೋಡಿದ್ದೆವು. ಅವಳು ಆ ಮನೆಯ ಹಜಾರವನ್ನೇ ಕಂಡಿದ್ದಳು.

ಆಸ್ಟಿನಳಿಗಿಂತ ಮುಂಚೆಯೇ, 1792ರಲ್ಲಿ, ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಎಂಬಾಕೆಯು ಸ್ತ್ರೀಯರ ಹಕ್ಕುಗಳನ್ನು ಸಮರ್ಥಿಸಿ ಗ್ರಂಥವೊಂದನ್ನು ಬರೆದಳು. ಹೆಣ್ಣುಮಕ್ಕಳ ಎಳೆಯ ವಯಸ್ಸೆಲ್ಲ ಈ ಬಗೆಯ ಅರೆಬರೆ ವಿದ್ಯೆಗಳಲ್ಲಿ ಕಳೆಯುವುದೆಂದೂ, ಮದುವೆಯೇ ಅದರ ಗುರಿಯೆಂದೂ ಆಕೆ ಅದರಲ್ಲಿ ಆಕ್ಷೇಪಿಸಿದಳು. 1871-72ರಲ್ಲಿ ಹೊರಬಂದ ಜಾರ್ಜ್ ಎಲಿಯಟಳ ‘ಮಿಡ್ಲ್‌ಮಾರ್ಚ್’ ಕಾದಂಬರಿಯಲ್ಲಿ ಅದೇ ದೂರು ಕಥೆಯ ರೂಪವನ್ನು ತಾಳಿದೆ. ರೋಸಮಂಡ್ ವಿನ್ಸಿ ಎಂಬವಳು ಕಲಿತ ಶಾಲೆಯಲ್ಲಿ ಗಾಡಿಯನ್ನು ಹತ್ತಿ ಇಳಿಯುವುದನ್ನು ಕೂಡ ಕಲಿಸುತ್ತಿದ್ದರಂತೆ! ಅವಳೇ ಆ ಶಾಲೆಯ ಮುಕುಟಮಣಿ. ಮದುವೆಯಾದ ಮೇಲೆ ಮನೆಗೆ ಸಾಲವು ಬಂದೊದಗಿದಾಗ, ಆ ವಿದ್ಯೆಗಳಲ್ಲಿ ಒಂದೂ ಗಂಡಹೆಂಡಿರು ಒಬ್ಬರನ್ನೊಬ್ಬರು ತಿಳಿಯಲು ನೆರವಾಗಲಿಲ್ಲ. ಶಾಲೆ ನಡೆಸುವ ನಮ್ಮಂಥವರು ಆ ಪುಟಗಳನ್ನು ಓದಿ ನಕ್ಕು ಸುಮ್ಮನಾಗುವಂತಿಲ್ಲ.

ಆದರೆ ಈ ಶಬ್ದಕ್ಕೆ ಇನ್ನೊಂದು ಮುಖವೂ ಉಂಟು. 1847ರ ‘ಜೇನ್ ಏರ್’ ಕಾದಂಬರಿಯ ಅನಾಥೆಯು ಫ್ರೆಂಚ್, ಚಿತ್ರಕಲೆ, ಸಂಗೀತ ಎಂಬ ಅವೇ ವಿದ್ಯೆಗಳನ್ನು ಕಲಿತವಳು. ಅವಳು ಅವುಗಳನ್ನು ಯಾವ ವರನ ಮುಂದೆಯೂ ಹರಡಲಿಲ್ಲ. ಪತ್ರಿಕೆಗೆ ಜಾಹೀರಾತನ್ನು ಕಳುಹಿಸಿ ಕೆಲಸವನ್ನು ಹುಡುಕಿಕೊಂಡಳು. ಓದಿದ ಶಾಲೆಯಲ್ಲಿಯೇ ಉಪಾಧ್ಯಾಯಿನಿಯಾಗಿ ವರ್ಷಕ್ಕೆ 15 ಪೌಂಡು ಪಡೆಯುತ್ತಿದ್ದವಳಿಗೆ ಹೊಸ ಕೆಲಸದಲ್ಲಿ 30 ಪೌಂಡು ದೊರೆಯಿತು. ಒಬ್ಬಳಿಗೆ ಒಡವೆಯಾದ ವಿದ್ಯೆಯು ಇನ್ನೊಬ್ಬಳಿಗೆ ಅನ್ನವಾಯಿತು. ವಿದ್ಯೆಯಲ್ಲಿ ಭೇದವಿರಲಿಲ್ಲ, ಅದು ಯಾರ ಸಲುವಾಗಿ ಎಂಬುದರಲ್ಲಿ ಭೇದವಿತ್ತು.

ಈ ಶಬ್ದದ ಬೇರನ್ನು ಅರಸಿಕೊಂಡು ಹೋದರೆ ‘ತುಂಬು’ ಎಂಬರ್ಥದ ಲ್ಯಾಟಿನ್ ಧಾತು ಸಿಕ್ಕುವುದು. 1611ರ ಇಂಗ್ಲಿಷ್ ಬೈಬಲಿನ ಲೂಕನ ಸುವಾರ್ತೆಯಲ್ಲಿ ಮರಿಯಳಿಗೆ ಹೆರಿಗೆಯ ದಿನ ತುಂಬಿತೆನ್ನುವಲ್ಲಿ ಬಂದಿರುವುದು ಇದೇ ಶಬ್ದ. ನಾವೂ ‘ದಿನ ತುಂಬಿತು’ ಎಂದೇ ಹೇಳುವೆವಲ್ಲವೇ? ತುಂಬಿದ ಕೊಡ ತುಳುಕುವುದಿಲ್ಲವೆಂಬ ನಮ್ಮ ಗಾದೆಯನ್ನು ನೆನೆದಾಗ, ಪಾಪ, ಮೇರಿಯ ಕೊರತೆಯೇನೆಂಬುದು ತಿಳಿಯುವುದು.

ನಮ್ಮ ಶಾಲೆಯ ವಾರ್ಷಿಕೋತ್ಸವದ ದಿನ ಹುಡುಗಿಯರ ಹೊಲಿಗೆ, ಕಸೂತಿ, ಚಿತ್ರಗಳನ್ನು ನಾವೂ ಮೇಜುಗಳ ಮೇಲೆ ಹರಡುವೆವು. ತಂದೆತಾಯಿಗಳು ಬಂದು ನೋಡಿ ಸಂತೋಷಪಡುವರು. ಅದು ತಪ್ಪೆಂದು ನಾವು ಹೇಳುವುದಿಲ್ಲ; ಬೆರಳುಗಳು ಕಲಿತುದೂ ವಿದ್ಯೆಯೇ. ಆದರೆ ವಾಚನಾಲಯದ ಮೂಲೆಯಲ್ಲಿ ಒಬ್ಬಳೇ ಕುಳಿತು ವರ್ಷವೆಲ್ಲ ಓದಿದವಳ ಓದನ್ನು ಯಾವ ಮೇಜಿನ ಮೇಲೆ ಇರಿಸೋಣ? ತೋರಿಸಲು ಬಾರದ ಆ ತುಂಬುವಿಕೆಗಾಗಿಯೂ ಶಾಲೆಯಿರುವುದೆಂದು ನಮ್ಮ ಹುಡುಗಿಯರ ತಂದೆತಾಯಿಗಳು ನಂಬಬೇಕು. ಅವರಿಗಿಂತ ಮೊದಲು ನಾವು ನಂಬಬೇಕು.

ಆ ಹಳೆಯ ಪುಸ್ತಕದಲ್ಲಿ ಎಳೆದ ಕೆಂಪು ಗೀಟನ್ನು ಅಳಿಸಲು ಈಗ ನಮ್ಮಿಂದಾಗದು. ಆ ವಿದ್ಯಾರ್ಥಿನಿಯ ಕೈಗೆ ಈ ಸಂಚಿಕೆಯು ಎಂದಾದರೂ ಸಿಕ್ಕಿದಲ್ಲಿ, ಅವಳು ಬರೆದ ಅರ್ಥವು ಸರಿಯಾಗಿತ್ತೆಂದೂ, ಅಂದು ತಪ್ಪಿದವರು ಅವಳ ಉಪಾಧ್ಯಾಯಿನಿಯೆಂದೂ ತಿಳಿದುಕೊಳ್ಳಲಿ.